ಹುಡುಕಲಾಗಿದೆ, ಸಿಕ್ಕಿಲ್ಲ

ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ, ಹೇಳಲು ಮುಖವಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು ನಾನು. ಓದುವವರು ಚೀಟಿ ಬರೆದುಕೊಟ್ಟರೆ ನೆಲಮಾಳಿಗೆಯಿಂದ ಹಳೆಯ ಪುಸ್ತಕ ತಂದುಕೊಡಬೇಕು. ಅಲ್ಲಿ ಇಲ್ಲದಿದ್ದರೆ ಚೀಟಿಗೆ ‘ಹುಡುಕಲಾಗಿದೆ, ಸಿಕ್ಕಿಲ್ಲ’ ಎಂಬ ಸೀಲು ಒತ್ತಬೇಕು. ಮೂವತ್ತು ಮೆಟ್ಟಿಲು ಇಳಿಯಲಾರದ ಮೈಗಳ್ಳತನಕ್ಕೆ ನಾನು ಎಷ್ಟೋ ಸಲ ಕೂತಲ್ಲೇ ಸೀಲು ಒತ್ತಿದ್ದೇನೆ.

ಹಸಿರು ಶಾಯಿಯಲ್ಲಿ ಬರೆಯುತ್ತಿದ್ದ ಒಬ್ಬ ಸಂಶೋಧಕಿ ಒಂದೇ ಪುಸ್ತಕಕ್ಕಾಗಿ ಮೂರು ಸಲ ಬಂದಳು.

“ಇನ್ನೊಂದ್ಸಲ ನೋಡ್ತೀರಾ ಸರ್? ಅದಿಲ್ದೆ ನನ್ನ ಪ್ರಬಂಧ ಮುಗಿಯಲ್ಲ.”

“ಅಯ್ಯೋ, ಎಲ್ಲಾ ಜಾಲಾಡಿಬಿಟ್ಟೆ ಕಣಮ್ಮ,” ಎಂದು ಮೂರು ಸಲವೂ ಹೇಳಿದೆ.

ಆ ಬೇಸಿಗೆಯಲ್ಲಿ ಅವಳು ಜ್ವರ ಬಂದು ತೀರಿಕೊಂಡಳು.

ಸುದ್ದಿ ತಿಳಿದ ಮಧ್ಯಾಹ್ನ ಮನಸ್ಸು ತಡೆಯಲಿಲ್ಲ. ಸೀಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಕೆಳಗಿಳಿದೆ. ಪುಸ್ತಕ ಇರಬೇಕಾದ ಜಾಗದಲ್ಲೇ ಇತ್ತು. ಅಕ್ಕಪಕ್ಕದವು ತಣ್ಣಗಿದ್ದವು, ಅದೊಂದು ಮಾತ್ರ ಜ್ವರ ಬಂದವರ ಹಣೆಯಂತೆ ಕೈ ಸುಟ್ಟಿತು. ಅಷ್ಟರಲ್ಲಿ ಮೇಲೆ, ನನ್ನ ಮೇಜಿನ ಕಡೆಯಿಂದ, ಧಪ್ ಎಂದು ಸೀಲು ಒತ್ತಿದ ಸದ್ದು. ಮತ್ತೆ ಧಪ್. ಮತ್ತೆ ಧಪ್.

ಏದುಸಿರು ಬಿಡುತ್ತಾ ಹತ್ತಿ ಬಂದೆ. ಪಕ್ಕದ ಮೇಜಿನ ಅಕ್ಕ ತಲೆಯೆತ್ತಿ, “ಎಲ್ಲಿದ್ರಿ? ಯಾರೋ ನಿಮ್ಮನ್ನೇ ಹುಡುಕ್ತಿದ್ರು,” ಎಂದಳು.

ಮೇಜಿನ ಮೇಲೊಂದು ಚೀಟಿ. ಪುಸ್ತಕದ ಹೆಸರು ಬರೆಯುವ ಜಾಗದಲ್ಲಿ ಹಸಿರು ಶಾಯಿಯಲ್ಲಿ ನನ್ನ ಹೆಸರಿತ್ತು. ಕೆಳಗೆ ಸೀಲು ಮೂರು ಸಲ ಬಿದ್ದಿತ್ತು, ಇನ್ನೂ ಆರಿರಲಿಲ್ಲ.

ಡ್ರಾಯರಿನ ಬೀಗ ಹಾಕಿದ ಹಾಗೇ ಇತ್ತು. ಕೀಲಿಕೈ ನನ್ನ ಮುಷ್ಟಿಯಲ್ಲಿತ್ತು.