ಅಪ್ಪ ಹಾಕಿಸಿದ ಬೇಲಿ

"ಬೇಲಿ ಹತ್ರ ಬನ್ನಿ... ತಂತಿ ಹಿಡ್ಕೊಳ್ಳಿ. ಬೆಳಕು ಅಲ್ಲಿ ಚೆನ್ನಾಗಿದೆ."

ತಂದೆಯ ಸಮಾಧಿಗೆ ಬಿಲ್ವಪತ್ರೆ ಇಡುತ್ತಿದ್ದ ಮಂಜುಶ್ರೀ ತಿರುಗಿದಳು. ಬೇಲಿಯ ಹೊರಗೆ ಕ್ಯಾಮೆರಾ ಹಿಡಿದು ಪ್ರಭುದೇವ್ ನಿಂತಿದ್ದ. ಬದಲಾದ ಊರುಗಳ ಬಗ್ಗೆ ಚಿತ್ರ ಮಾಡುತ್ತಿರುವುದಾಗಿ ಹೇಳಿದ.

ವಳ್ಳೂರಿನ ಹೊಲಗಳ ತುಂಬ ಸೋಲಾರ್ ಫಲಕಗಳು. ಅವಳ ತಂದೆ ಮಹಾಲಿಂಗಯ್ಯನವರು ಸಂತೋಷದಿಂದಲೇ ಹೊಲವನ್ನು ಸೋಲಾರ್ ಕಂಪನಿಗೆ ಗುತ್ತಿಗೆಗೆ ಕೊಟ್ಟಿದ್ದರು. ಹಿರಿಯರ ಸಮಾಧಿಗಳಿದ್ದ ಮೂಲೆಯನ್ನು ಮಾತ್ರ ಉಳಿಸಿಕೊಂಡು, ಮೇಕೆ ನುಗ್ಗದಂತೆ ತಾವೇ ತಂತಿಬೇಲಿ ಹಾಕಿಸಿದ್ದರು. ಈಗ ಅವರೂ ಶಿವೈಕ್ಯರಾಗಿ ಅಲ್ಲೇ ಮಲಗಿದ್ದರು.

"ನಿಮ್ಮ ತಂದೆಯವರ ಬಗ್ಗೆ ಹೇಳಿ."

ಅವಳು ತಂತಿ ಹಿಡಿದು ಅತ್ತುಬಿಟ್ಟಳು. ಅವನು ಎಲ್ಲವನ್ನೂ ಚಿತ್ರೀಕರಿಸಿ, ಆಮೇಲೆ ನೀರಿನ ಬಾಟಲಿ ಚಾಚಿದ.

ಅಂದಿನಿಂದ ಏನಾದರೊಂದು ನೆಪ ಹೇಳಿ, ತಾನಿದ್ದ ಹೊಳವನಹಳ್ಳಿಯಿಂದ ಬಸ್ಸು ಹತ್ತಿ ಬರುತ್ತಲೇ ಇದ್ದ. ಅವಳೂ ಬಸ್ಸಿನ ಸದ್ದಿಗೆ ಕಾಯತೊಡಗಿದಳು.

ಚುನಾವಣೆ ಹತ್ತಿರವಾದಾಗ, ಪ್ರಭುದೇವ್ ಕೆಲಸಕ್ಕಿದ್ದ ಪಕ್ಷದವರು ಆ ಚಿತ್ರವನ್ನು ಊರೂರಲ್ಲಿ ಪರದೆ ಕಟ್ಟಿ ತೋರಿಸಿದರು. ತಂತಿಯ ಹಿಂದೆ ಅವಳ ಮುಖ, ಕರುಳು ಹಿಂಡುವ ಕೊಳಲು, ಮೇಲೊಂದು ದನಿ: "ಭೂಮಿಯನ್ನು ಕಸಿದುಕೊಂಡರು. ಮಗಳು ಸೆರೆಯಾದಳು."

ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಕೇಳಿಯೇಬಿಟ್ಟಳು. "ಏನ್ ಕಣಮ್ಮ, ನಿಮ್ಮಪ್ಪ ನಗ್ತಾ ನಗ್ತಾ ಸೈನ್ ಹಾಕಿದ್ನ ನಾವ್ ನೋಡ್ಲಿಲ್ವಾ? ಸತ್ತೋರ್ನೂ ಓಟಿಗೆ ನಿಲ್ಲಿಸ್ಬುಟ್ರಲ್ಲ?"

ಪಕ್ಷದ ರುದ್ರಮುನಿ ಮನೆಗೇ ಬಂದ. "ನಾಳೆ ರಾಯಚರ್ಲು ಸಭೆಗೆ ಬರ್ಬೇಕು ತಾಯಿ. ಮಾತೇನೂ ಬ್ಯಾಡ. ಅಂಗೇ ಒಸಿ ಅತ್ರೆ ಸಾಕು."

ಅತ್ತರೆ ಅಪ್ಪನ ಹೆಸರಿಗೆ ಮಸಿ. ನಿಜ ಹೇಳಿದರೆ ಪ್ರಭುದೇವನ ಬದುಕು ಮುಗಿಯುತ್ತದೆ... ಶಿವನೇ, ಯಾವ ಕಡೆಗೆ ಹೋಗಲಿ?

ಸಂಜೆ ಪ್ರಭುದೇವ್ ಬಂದ. "ನಿಮ್ಮ ಅಳು ನಿಜ ಅಲ್ವಾ, ಮಂಜು?"

"ಅಳು ನಂದೇ. ಯಾತಕ್ಕೆ ಅತ್ತೆ ಅಂತ ನೀವ್ ಹೇಳ್ಬುಟ್ರಿ."

"ಜನರ ಮನಸ್ಸಿಗೆ ತಟ್ಟಬೇಕಿತ್ತು..."

"ನನ್ ಮನ್ಸಿಗೆ ತಟ್ಟಿದ್ರಲ್ಲ, ಸಾಲ್ಲಿಲ್ವಾ?"

ಅವನು ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಏನನ್ನೂ ನಿರ್ಧರಿಸದೆಯೇ ಅವಳು ಸಭೆಗೆ ಹೋದಳು. ಚಿತ್ರ ಮುಗಿದಾಗ ವೇದಿಕೆಯ ಮೇಲೆ ನಿಂತಿದ್ದಳು. ಪ್ರಭುದೇವ್ ಮೇಲೆ ಬಂದು ಮೈಕು ತೆಗೆದುಕೊಂಡ. "ಇವರನ್ನು ಬೇಲಿಯ ಹತ್ತಿರ ನಿಲ್ಲಿಸಿದ್ದು ನಾನು. ಇವರು ಅತ್ತದ್ದು ಭೂಮಿಗಲ್ಲ, ತೀರಿಕೊಂಡ ಅಪ್ಪನಿಗೆ."

ರುದ್ರಮುನಿ ಮೈಕು ಕಿತ್ತುಕೊಂಡ. ಮಂಜುಶ್ರೀ ಬರಿಗಂಟಲಲ್ಲೇ ಹೇಳಿದಳು: "ನಿಜ ಕಣ್ರೀ. ಆ ಬೇಲಿ ಹಾಕ್ಸಿದ್ದೇ ನಮ್ಮಪ್ಪ. ಮೇಕೆ ಬರ್ದಂಗೆ."

ಜನ ಗೊಳ್ಳೆಂದು ನಕ್ಕರು.

ಸೋಮವಾರ ಅವಳು ಸಮಾಧಿಗೆ ಪತ್ರೆ ಇಡುತ್ತಿದ್ದಾಗ ಪ್ರಭುದೇವ್ ಬರಿಗೈಯಲ್ಲಿ ಬಂದು ಬೇಲಿಯ ಹೊರಗೇ ನಿಂತ.

"ಕ್ಯಾಮೆರಾ ಎಲ್ಲಿ?"

"ಅವರದ್ದು. ಕೆಲಸದ ಜೊತೆ ಅದೂ ಹೋಯ್ತು."

ಅವಳ ಕಣ್ಣು ತುಂಬಿತು. ಅವನು ತಟ್ಟನೆ ಮುಖ ತಿರುಗಿಸಿಕೊಂಡ.

"ಯಾಕೆ ಅತ್ಲಾಗ್ ತಿರುಗಿದ್ರಿ?"

"ನೀವು ಅಳೋದನ್ನ ನೋಡೋ ಹಕ್ಕು ನನಗಿಲ್ಲ. ಪ್ರೀತಿಸ್ತೀನಿ ಅನ್ನೋಕೂ ಬಾಯಿ ಬರ್ತಿಲ್ಲ..."

ಅವಳು ಬೇಲಿಯ ಬಾಗಿಲ ಚಿಲಕ ತೆಗೆದಳು.

"ಚಪ್ಪಲಿ ಬಿಟ್ಟು ಒಳಕ್ ಬನ್ನಿ. ಅಪ್ಪಂಗೆ ನಿಮ್ಮನ್ನ ತೋರಿಸ್ಬೇಕು."