ತಾನಾಗೇ ಎದ್ದ ಬಾನೆಟ್

ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ನಾನು ಮುಟ್ಟಿದ ಬಲ್ಬು ಒಂದೂ ಉರೀಬಾರ್ದು. ಆಯ್ತಾ? ಎಲ್ಲಾ ನಡೆದಿದ್ದೇ. ನನ್ನ ಕಣ್ಣೆದುರಿಗೆ... ಕಣ್ಣೆದುರಿಗೆ ಏನು ಬಂತು, ನನ್ನ ಕತ್ತಿನ ಮೇಲೇ ನಡೆದಿದ್ದು.

ಕತ್ತು ಎಲ್ಲಿತ್ತು ಅಂತೀರಾ?

ಬಾನೆಟ್ ಕೆಳಗಿತ್ತು.

ಎಡಗಿವಿ ಪಕ್ಕ ಒಂದು ಪಟಾಕಿ. ಬಲಗಿವಿ ಪಕ್ಕ ಇನ್ನೊಂದು. ಡ್ರೈವರ್ ಸೀಟಲ್ಲಿ ಬೀರು. ಕೀ ಆನ್.

ಬೀರು ಅಂದ್ರೆ ಬಟ್ಟೆ ಇಡೋ ಬೀರು ಅಲ್ಲ ಸ್ವಾಮಿ. ಆಳು. ಜಲ್ಲಿ ಅಣ್ಣನ ಬಲಗೈ. ಆ ಮೈಕಟ್ಟು ನೋಡಿ ಯಾರೋ ಇಟ್ಟ ಹೆಸರು. ಅವನು ಬಾಗಿಲಲ್ಲಿ ನಿಂತ್ರೆ ಹಗಲಲ್ಲೇ ರೂಮಿಗೆ ಲೈಟ್ ಹಾಕ್ಬೇಕು.

"ಏನೂ ಮುಟ್ಬೇಡಿ," ಅಂದೆ.

"ಮುಟ್ಟಿಲ್ಲ."

"ಮತ್ತೆ ಅದೇನು ಟಕ್ ಅಂತು?"

"ಸೀಟು ಹಿಂದಕ್ಕೆ ತಳ್ಕೊಂಡೆ. ಮೊಣಕಾಲು ತಾಗ್ತಿತ್ತು."

ನನ್ನ ಮೂಗಿನ ತುದಿಯಿಂದ ಬೆವರು ಜಾರಿ ಎಂಜಿನ್ ಮೇಲೆ ಬಿತ್ತು. ಚುಂಯ್...

ಅಷ್ಟರಲ್ಲಿ ಬೀರುವಿನ ಮೊಣಕೈ ಹಾರ್ನಿಗೆ ತಾಗ್ತು.

ಹಾರ್ನ್ ಅಂದ್ರೆ ಹಾರ್ನ್ ಅಲ್ಲ ಅದು. ಹಡಗು ಕೂಗಿದ ಹಾಗೆ. ಶೆಡ್ಡಿನ ತಗಡೆಲ್ಲ ನಡುಗಿಹೋಯ್ತು. ನಾನು ಎಗರಿದೆ, ತಲೆ ಬಾನೆಟ್ಟಿಗೆ ಬಡೀತು, ಕಣ್ಣು ಮುಚ್ಕೊಂಡು ಸಾಯೋಕೆ ಕಾದೆ.

ಏನೂ ಆಗ್ಲಿಲ್ಲ.

"ಸಾರಿ," ಅಂದ ಬೀರು.

ಹೋಗ್ಲಿ, ಒಂದಂತೂ ಗೊತ್ತಾಯ್ತು ಅಂತ ಸಮಾಧಾನ ಮಾಡ್ಕೊಂಡೆ. ಹಾರ್ನಿಗೂ ಇದಕ್ಕೂ ಸಂಬಂಧ ಇಲ್ಲ. ಬಿಟ್ಟಾಕು ಅದನ್ನ.

ಈ ಪಟಾಕಿ ಅಂದ್ರೇನು ಅಂತ ಹೇಳ್ಬಿಡ್ತೀನಿ ಕೇಳಿ. ಈಗಿನ ದುಬಾರಿ ಗಾಡಿಗಳಲ್ಲಿ ಬಂಪರ್ ಒಳಗೆ ಸೆನ್ಸರ್ ಇರುತ್ತೆ. ರಸ್ತೇಲಿ ನಡ್ಕೊಂಡು ಹೋಗೋರ ಕಾಲಿಗೆ ಗಾಡಿ ಗುದ್ದಿದ್ರೆ ಅದು ಒಳಗಿರೋ ಬಾಕ್ಸಿಗೆ ಸುದ್ದಿ ಮುಟ್ಟಿಸುತ್ತೆ. ಬಾಕ್ಸು ಕರೆಂಟ್ ಬಿಡುತ್ತೆ. ಗಾಜಿನ ಹತ್ರ, ಬಾನೆಟ್ ಕೆಳಗೆ, ಎರಡೂ ಕಡೆ ಮದ್ದು ತುಂಬಿದ ಕೊಳವೆ. ಢಬ್! ಬಾನೆಟ್ ಹಿಂಭಾಗ ಗೇಣುದ್ದ ಮೇಲೆದ್ದು ನಿಲ್ಲುತ್ತೆ. ಮೇಲೆ ಬಿದ್ದವನ ತಲೆ ಎಂಜಿನ್ ಕಬ್ಬಿಣಕ್ಕೆ ಬಡಿಯಲ್ಲ, ತಗಡಿನ ಮೇಲೆ ಮೆತ್ತಗೆ ಕೂರುತ್ತೆ. ಪುಣ್ಯದ ಕೆಲ್ಸ.

ಆದ್ರೆ ಯಾರಿಗೂ ಗುದ್ದದೇ ಎದ್ರೆ?

ಜಲ್ಲಿ ಅಣ್ಣನ ಗಾಡೀಲಿ ಎದ್ದಿತ್ತು. ಒಂದಲ್ಲ, ಎರಡು ಸಲ.

ಮೊದಲ್ನೇ ಸಲ ಸೇತುವೆ ಮೇಲೆ. ಕಣ್ಣಿಗಡ್ಡ ಬಾನೆಟ್ಟು, ಗಾಡಿ ಕಂಬಿ ಮುರ್ಕೊಂಡು ನಿಂತಾಗ ಒಂದು ಚಕ್ರ ಗಾಳೀಲಿ. ಕೆಳಗೆ ಹೊಳೆ. ಶೋರೂಮಿನೋರು ಹೊಸಾ ಪಟಾಕಿ ಹಾಕಿ, ಎಲ್ಲಾ ಚೆಕ್ ಮಾಡಿ, ವೈರಿಂಗ್ ಸರಿಯಾಗೇ ಇದೆ ಅಂತ ಕೊಟ್ಟು ಕಳಿಸಿದ್ರು. ಎರಡನೇ ಸಲ ಕ್ವಾರಿಯ ಇಳಿಜಾರಲ್ಲಿ. ಮತ್ತೆ ಹೊಸಾ ಪಟಾಕಿ. ಮತ್ತೆ ವೈರಿಂಗ್ ಸರಿಯಾಗೇ ಇದೆ.

ಜಲ್ಲಿ ಅಣ್ಣ ಅಂದ್ರೆ ಆ ಕ್ವಾರಿ ಯಜಮಾನ. ಕಲ್ಲು ಒಡೆದು ಒಡೆದು ಮುಖಾನೂ ಕಲ್ಲಿನ ಹಾಗೇ ಆಗಿತ್ತು. ಎರಡೂ ಸಲ ಹಿಂದಿನ ಸೀಟಲ್ಲಿ ಆತನೇ. ಎರಡೂ ಸಲ ಸ್ಟೇರಿಂಗ್ ಹಿಡಿದಿದ್ದು ನನ್ನ ಭಾಮೈದ. ನನ್ನ ಹೆಂಡ್ತಿಗೆ ಇರೋನೊಬ್ಬ ತಮ್ಮ.

ಬೆಳಿಗ್ಗೆ ನನ್ನ ಕರೆಸಿದಾಗ ಅಣ್ಣ ಕುರ್ಚೀಲಿ ಕೂತು ಉಗುರು ತೆಗೀತಿದ್ದ. ಮುಖ ಎತ್ಲಿಲ್ಲ.

"ಯಾರೋ ನನ್ನ ಮುಗಿಸೋಕೆ ನೋಡ್ತಿದಾರೆ. ವೈರಿಗೆ ಕೈ ಹಾಕಿದೋನು ಯಾರು ಅಂತ ಸಂಜೆಯೊಳಗೆ ಹೇಳು. ಭಾಮೈದನ್ನ ಕರ್ಕೊಂಡು ಹೋಗು."

"ಗೊತ್ತಾಗ್ದಿದ್ರೆ ಅಣ್ಣ?"

"ಅವನಿಗೆ ಇನ್ಮೇಲೆ ಸ್ಟೇರಿಂಗ್ ಹಿಡಿಯೋ ಕೈ ಬೇಕಾಗಲ್ಲ."

ಭಾಮೈದನ್ನ ಸಿಮೆಂಟ್ ಗೋಡೌನಲ್ಲಿ ಕೂಡಿ ಹಾಕಿದ್ರು. ಕಿಟಕಿಯಿಂದ ಕೈ ಬೀಸಿದ. ಬೂದಿ ಬಳ್ಕೊಂಡ ಹಾಗಿದ್ದ.

ಅಲ್ಲಿಂದ ಶುರುವಾಯ್ತು ನನ್ನ ಕರ್ಮ.

ಬ್ಯಾಟರಿ ಕಳಚಿದೆ. ಬಾಕ್ಸೊಳಗೆ ಉಳ್ದಿರೋ ಕರೆಂಟು ಇಳಿಯೋ ತನಕ ಕಾದೆ. ಹಳದಿ ಪ್ಲಗ್ ಒಂದೊಂದೇ ಬಿಚ್ಚಿದೆ. ತುಕ್ಕಿಲ್ಲ, ಸಡಿಲ ಇಲ್ಲ. ಪಟಾಕಿಗೆ ಮಾತ್ರ ನೇರ ಮೀಟರ್ ಇಡೋ ಹಾಗಿಲ್ಲ ನೋಡಿ, ಮೀಟರಿನ ಕರೆಂಟಿಗೇ ಅದು ಹಾರಿದ್ರೂ ಹಾರ್ತು. ಅದನ್ನ ಬಿಟ್ಟು ಉಳಿದ ವೈರೆಲ್ಲ ಅಳೆದೆ. ಸರಿಯಾಗೇ ಇದೆ. ಸೆನ್ಸರ್ ಅಳೆದೆ. ಸರಿಯಾಗೇ ಇದೆ. ಸ್ಕ್ಯಾನರ್ ಹಾಕಿದೆ. ತಪ್ಪೇ ಇಲ್ಲ ಅಂತು.

ಇಂಥಾ ಗಾಡಿ ನೋಡಿದ್ರೆ ಮೈ ಉರಿಯುತ್ತೆ ಸ್ವಾಮಿ. ಡಾಕ್ಟ್ರ ಮುಂದೆ ಕೂತ ತಕ್ಷಣ ಹೊಟ್ಟೆನೋವು ಮಾಯ ಆಗೋ ಮಕ್ಕಳ ಥರ.

ಕೊನೆಗೆ ಎಲ್ಲಾ ವಾಪಸ್ ಜೋಡಿಸಿ, ಕೀ ಆನ್ ಮಾಡ್ಸಿ, ಕತ್ತು ಒಳಗಿಟ್ಟು ವೈರ್ ಅಲ್ಲಾಡಿಸ್ತಾ ಕೂತೆ. ವಾರ್ನಿಂಗ್ ಲೈಟಾದ್ರೂ ಮಿಣುಕುತ್ತಾ ನೋಡೋಣ ಅಂತ. ಬುದ್ಧಿ ಇದ್ದೋನು ಮಾಡೋ ಕೆಲ್ಸ ಅಲ್ಲ ಅದು. ತಲೆಕೆಟ್ಟೋನು ಮಾಡೋದು. ಆಗಲೇ ಬೀರು ಹಾರ್ನ್ ಬಾರ್ಸಿದ್ದು.

ಫೋನ್ ಬಂತು. ಹೆಂಡ್ತಿ.

"ರೀ, ಅವನು ಊಟ ಮಾಡಿದ್ನಾ?"

"ನಾನೇ ಮಾಡಿಲ್ಲ ಕಣೇ."

"ನಿಮ್ಮನ್ನ ಯಾರು ಕೇಳಿದ್ರು? ಅವನಿಲ್ದೆ ಬಂದ್ರೆ ಬಾಗಿಲು ತೆಗೆಯಲ್ಲ, ಅಷ್ಟೇ."

ಕಟ್.

"ಯಾರು?" ಅಂದ ಬೀರು.

"ನಿಮ್ಮಣ್ಣಂಗಿಂತ ದೊಡ್ಡೋರು. ಭಾಮೈದ ಇಲ್ದೆ ಹೋದ್ರೆ ಬಾಗಿಲು ತೆಗೆಯಲ್ವಂತೆ."

ಹೊಸಾ ದಾರಿ ಹಿಡಿದೆ. ಮತ್ತೆ ಬ್ಯಾಟರಿ ಕಳಚಿ, ಕಾದು, ಎರಡೂ ಪಟಾಕಿ ಬಿಚ್ಚಿ ಪಕ್ಕಕ್ಕಿಟ್ಟೆ. ಅವುಗಳ ಜಾಗಕ್ಕೆ, ಪಟಾಕಿ ಅಲ್ಲೇ ಇದೆ ಅಂತ ಬಾಕ್ಸು ನಂಬೋ ಹಾಗೆ, ಡಮ್ಮಿ ಕೊಟ್ಟೆ. ಡಮ್ಮಿಗೆ ಎರಡು ಪುಟಾಣಿ ಬಲ್ಬು. ವೈರ್ ಎಳ್ಕೊಂಡು ಬಂದು ಬಲ್ಬನ್ನ ಗಾಜಿನ ಹತ್ರ ಟೇಪ್ ಹಾಕಿ ಅಂಟಿಸಿದೆ. ಬಾಕ್ಸು ಹುಚ್ಚೆದ್ದು ಪಟಾಕಿ ಹಾರಿಸೋಕೆ ಹೋದ್ರೆ ಬಲ್ಬು ಫಳ್ ಅನ್ಬೇಕು. ಬಾನೆಟ್ ಏಳಲ್ಲ.

"ಈಗ ರಸ್ತೆಗೆ ಹೋಗೋಣ," ಅಂದೆ. "ಇದು ಶೆಡ್ಡಲ್ಲಿ ಸಾಧು. ಓಡುವಾಗ ಏನು ಮಾಡುತ್ತೋ ನೋಡ್ಬೇಕು."

ನಾನು ಓಡಿಸ್ದೆ. ಬೀರು ಪಕ್ಕದಲ್ಲಿ. ಗಾಡಿ ಆ ಕಡೆಗೇ ವಾಲ್ಕೊಂಡಿತ್ತು.

ಹಳ್ಳ ಹತ್ತಿಸ್ದೆ. ದಿಬ್ಬ ಇಳಿಸ್ದೆ. ಗಕ್ಕಂತ ಬ್ರೇಕ್ ಹಾಕಿ ಬೀರುವಿನ ಹಣೆ ಗಾಜಿಗೆ ತಾಗಿಸ್ದೆ. ಬಲ್ಬು ಕೆಟ್ಟು ಹೋಗಿರೋ ಹಾಗೆ ಸುಮ್ನೆ ಕೂತಿತ್ತು. ಬಿಸಿಲು ಇಳೀತಾ ಬಂತು. ನನಗೆ ಅಳು ಬರೋದೊಂದು ಬಾಕಿ.

"ನಿಲ್ಸು," ಅಂದ ಬೀರು. "ಕೆಳಗಿಳೀಬೇಕು. ನೀನು ಓಡಿಸೋದು ನೋಡಿ ತಡ್ಕೊಳೋಕೆ ಆಗ್ತಿಲ್ಲ."

ಪೊದೆ ಹಿಂದಕ್ಕೆ ಹೋದ.

ಎಂಜಿನ್ ಓಡ್ತಿದೆ. ಪಕ್ಕದ ಸೀಟು ಖಾಲಿ. ಗೋಡೌನಿಗೆ ಇದೇ ರಸ್ತೆ...

ಯೋಚ್ನೆ ಮಾಡಿದ್ರೆ ತಾನೇ ಹೆದರಿಕೆ? ಮಾಡ್ಲಿಲ್ಲ. ಕಾಲು ಒತ್ತಿದೆ.

ಕನ್ನಡೀಲಿ ನೋಡಿದ್ರೆ ಬೀರು ಪ್ಯಾಂಟ್ ಹಿಡ್ಕೊಂಡು ಓಡಿ ಬರ್ತಿದ್ದ. ಆಮೇಲೆ ಯಾರದೋ ಸ್ಕೂಟರ್ ಅಡ್ಡಗಟ್ಟಿದ. ಸ್ಕೂಟರ್ ಅವನ ಕೆಳಗೆ ಕಾಣಿಸ್ತಾನೇ ಇರ್ಲಿಲ್ಲ. ಮನುಷ್ಯ ಕೂತ ಭಂಗೀಲೇ ಗಾಳೀಲಿ ತೇಲ್ಕೊಂಡು ಬರ್ತಿದಾನೆ ಅನ್ನಿಸ್ತು. ನನ್ನಾಣೆ.

ಸಂತೆಬೀದಿಗೆ ನುಗ್ಗಿದೆ. ಎಡಕ್ಕೆ ಹಾಸಿಗೆ ಅಂಗಡಿ. ಬಲಕ್ಕೆ ಪಾತ್ರೆ ಅಂಗಡಿ. ಹಿಂದೆ ಬೀರು, ನನಗಿಟ್ಟ ಅಡ್ಡಹೆಸರು ಹಿಡ್ದು, "ಏಯ್ ವೈರು... ನಿಲ್ಲೋ..." ಅಂತಿದಾನೆ. ಮುಂದೆ ಒಬ್ಬ ಅಜ್ಜ, ಸೈಕಲ್ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಕೊಂಡು, ರಸ್ತೆ ತನ್ನದೇ ಅನ್ನೋ ಹಾಗೆ ತಳ್ಕೊಂಡು ಹೋಗ್ತಿದಾನೆ.

ಹಾರ್ನ್ ಒತ್ತಿದೆ.

ಹಡಗು ಕೂಗ್ತು. ಅಜ್ಜ ಹಾರಿ ಹಾಸಿಗೆ ಮೇಲೆ ಬಿದ್ದ.

ಬಲ್ಬು ಎರಡೂ ಫಳ್.

ನಾನು ಬ್ರೇಕ್ ಹಾಕಿದೆ. ಬೀದಿ ಮಧ್ಯೆ. ಹಿಂದೆ ಸಾವು ಸ್ಕೂಟರಲ್ಲಿ ಬರ್ತಿರೋದು ಗೊತ್ತಿದ್ದೂ ಹಾಕಿದೆ. ಅಷ್ಟು ಖುಷಿ.

ಕಿಟಕಿಯಿಂದ ಒಂದು ಕೈ ಬಂದು ನನ್ನ ಕಾಲರ್ ಹಿಡೀತು.

"ತಪ್ಪಿಸ್ಕೊಂಡು ಹೋಗ್ತೀಯಾ?"

"ಸಿಕ್ತು ಬೀರಣ್ಣ, ಸಿಕ್ತು! ಮೊದ್ಲು ಹತ್ತಿ. ಹೊಡೆಯೋದು ಆಮೇಲೆ ಇದ್ದೇ ಇದೆ."

ಈ ಬಾಕ್ಸು ನೋಡಿ, ಗಾಡಿ ನಿಂತಾಗ ಪಟಾಕಿ ಹಾರಿಸಲ್ಲ. ತೀರಾ ನಿಧಾನ ಇದ್ರೂ ಇಲ್ಲ. ಒಂದು ಮಟ್ಟದ ಓಟ ಇರ್ಬೇಕು. ಅದಕ್ಕೇ ಶೆಡ್ಡಲ್ಲಿ ಹಾರ್ನ್ ಕೂಗಿದಾಗ ನನ್ನ ಕತ್ತು ಉಳೀತು. ಅದಕ್ಕೇ ಅಲ್ವಾ ನಾನು ಮಂಗನ ಥರ ಹಾರ್ನನ್ನ ಲೆಕ್ಕದಿಂದ ಬಿಟ್ಟಿದ್ದು! ಅಷ್ಟೊತ್ತು ರಸ್ತೆ ಸುತ್ತಿ ಒಂದ್ಸಲಾನೂ ಹಾರ್ನ್ ಒತ್ತಿರ್ಲಿಲ್ಲ. ಖಾಲಿ ರಸ್ತೇಲಿ ಯಾರಿಗೆ ಒತ್ಲಿ?

ಶೆಡ್ಡಿಗೆ ವಾಪಸ್ ಬಂದು ಬಂಪರ್ ಬಿಚ್ಚಿದ್ವಿ. ಬೀರು ಒಂದೇ ಕೈಯಲ್ಲಿ ಎತ್ತಿ ಹಿಡಿದ.

ಅಲ್ಲೇ ಇತ್ತು. ಆ ದೈತ್ಯ ಹಾರ್ನಿನ ಅರ್ತ್ ವೈರು, ಸೆನ್ಸರಿನ ಅರ್ತ್ ವೈರು, ಎರಡೂ ಒಂದೇ ಬೋಲ್ಟಿನ ಕೆಳಗೆ. ಬಣ್ಣ ಕೆರೆಯದೇ ಬಿಗಿದಿದ್ರು, ಕಬ್ಬಿಣಕ್ಕೆ ಸರಿಯಾಗಿ ತಾಗೇ ಇರ್ಲಿಲ್ಲ. ಹಾರ್ನ್ ಕರೆಂಟ್ ಎಳೆದಾಗ ಬಡಪಾಯಿ ಸೆನ್ಸರಿಗೆ ನೆಲ ಸಿಗ್ತಿಲ್ಲ. ಬಾಯಿಗೆ ಬಂದಿದ್ದು ಹೇಳುತ್ತೆ. ಬಾಕ್ಸು ಯಾರದೋ ಕಾಲು ಮುರೀತು ಅನ್ಕೊಳ್ಳುತ್ತೆ. ಹಾರ್ನ್ ಸುಮ್ನಿದ್ದಾಗ ಅಳೆದ್ರೆ ಎಲ್ಲಾ ಸರಿ. ಸೇತುವೆ ಮೇಲೂ ಇಳಿಜಾರಲ್ಲೂ ಭಾಮೈದ ಓಟದಲ್ಲೇ ಹಾರ್ನ್ ಒತ್ತಿರ್ಬೇಕು.

"ಯಾವ ಕತ್ತೆ ಹಾಕಿದ್ದು ಈ ಹಾರ್ನು?" ಅಂದೆ.

ಬೀರು ಬಂಪರನ್ನ ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಯಾರ್ರೀ?"

"ಅಣ್ಣ," ಅಂದ ಮೆಲ್ಲಗೆ. "ತನ್ನ ಕೈಯಾರೆ. ಹಳೇ ಲಾರೀದು ಬಿಚ್ಚಿ ತಂದಿದ್ದು. ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ."

ಇಬ್ರೂ ಬಂಪರ್ ನೋಡ್ತಾ ನಿಂತ್ವಿ.

"ನೀವು ಹೇಳಿ," ಅಂದೆ.

"ನಾನ್ಯಾಕೆ? ನನಗೆ ಹೆಂಡ್ತಿ ಮಕ್ಳಿದಾರೆ."

"ನನಗಿಲ್ವಾ?"

"ನಿಂಗೆ ಹೆಂಗಿದ್ರೂ ಬಾಗಿಲು ತೆಗೆಯಲ್ಲ ಅಂದಿದಾರಲ್ಲ."

ಕ್ವಾರಿ ಅಂಗಳದಲ್ಲಿ ಅಣ್ಣನ ಆಳುಗಳೆಲ್ಲ ಸೇರಿದ್ರು. ತಮಾಷೆ ನೋಡೋಕೆ. ಅಷ್ಟು ಜನರ ಮುಂದೆ ಅವರ ಯಜಮಾನಂಗೆ ನೀವೇ ಮಾಡಿದ್ದು ಅನ್ಬೇಕಾ? ನನ್ನನ್ನ ಕ್ರಷರಿಗೆ ಹಾಕಿ ಜಲ್ಲಿ ಮಾಡ್ತಿದ್ರು. ಸಣ್ಣ ಸೈಜಿನ ಜಲ್ಲಿ.

"ಅಣ್ಣ, ಒಂದು ರೌಂಡ್ ಬನ್ನಿ," ಅಂದೆ. "ನಾವಿಬ್ರೇ. ನೀವೇ ಓಡಿಸಿ."

ಬಂದ. ಒಂದ್ಸಲ ಹಾರಿಸಿದ ಬಾಕ್ಸು ಮತ್ತೆ ಹಾರಿಸಲ್ಲ, ಅದಕ್ಕೇ ಅದರ ನೆನಪನ್ನ ಸ್ಕ್ಯಾನರಿನಿಂದ ಅಳಿಸಿ ಇಟ್ಟಿದ್ದೆ. ಇಳಿಜಾರಲ್ಲಿ ಗಾಡಿ ಓಟ ಹಿಡೀತು.

"ಈ ಬಲ್ಬು ನೋಡ್ತಾ ಇರಿ. ಈಗ ಹಾರ್ನ್."

ಒತ್ತಿದ. ಫಳ್.

ಅಣ್ಣ ಗಾಡಿ ಪಕ್ಕಕ್ಕೆ ನಿಲ್ಸಿದ. ಕೈ ಸ್ಟೇರಿಂಗ್ ಮೇಲೇ ಇತ್ತು. ಬಲ್ಬು ಆರಿ ಹೋಗಿತ್ತು, ಆದ್ರೂ ಅದನ್ನೇ ನೋಡ್ತಿದ್ದ.

"ಈ ಹಾರ್ನ್ ಹಾಕಿದ್ದು ಯಾರು ಅಂತ ಕೇಳ್ದ್ಯಾ?"

"ಇಲ್ಲ ಅಣ್ಣ. ನನಗ್ಯಾಕೆ?"

"ಹಾಂ."

ದೂರದಲ್ಲಿ ಕ್ರಷರ್ ಕಟಕಟ ಅಂತಿತ್ತು.

"ಅಲ್ಲಿ ಹುಡುಗರೆಲ್ಲ ಕಾಯ್ತಿದಾರೆ," ಅಂದ. "ಒಂದು ಹೆಸರು ಹೇಳ್ಬೇಕಲ್ಲ."

"ಶೋರೂಮಿನೋರು ಅನ್ನಿ."

"ಅವರೆಲ್ಲ ಚೆಕ್ ಮಾಡಿ ಕೊಟ್ಟಿದ್ದು ಇಡೀ ಕ್ವಾರಿಗೇ ಗೊತ್ತು." ಮೊದಲ್ನೇ ಸಲ ನನ್ನ ಮುಖ ನೋಡಿದ. "ನಿನ್ನ ಭಾಮೈದ ಬೆಳಿಗ್ಗೇನೇ ಒಂದು ಹೆಸರು ಹೇಳಿದಾನೆ."

"ಯಾರದ್ದು?"

"ನಿಂದು."

"ನಾನಾ? ಈ ಗಾಡಿ ನಾನು ಮುಟ್ಟಿದ್ದೇ ಇವತ್ತು!"

"ಗೊತ್ತು. ಹೆದರ್ಕೊಂಡು ಹೇಳಿದಾನೆ. ಯಾವಾಗ್ಲೋ ಫಾಗ್ ಲೈಟ್ ಹಾಕುವಾಗ ಭಾವ ವೈರ್ ತಪ್ಪಿಸಿರ್ಬೇಕು ಅಂದ." ಗಾಡಿ ಗೇರಿಗೆ ಹಾಕ್ದ. "ಏನ್ಮಾಡೋಣ? ಅವನ ಕೈ ಮುಖ್ಯಾನೋ, ನಿನ್ನ ಹೆಸರು ಮುಖ್ಯಾನೋ?"

ಆ ಭಾಮೈದನ್ನ ಅಲ್ಲೇ ಬಿಟ್ಟು ಹೋಗ್ಬೇಕಿತ್ತು. ಸಿಮೆಂಟಿನ ಜೊತೆ ಸೆಟ್ ಆಗ್ಲಿ ಅಂತ.

"ನನ್ನ ಹೆಸರೇ ಹೇಳಿ," ಅಂದೆ.

ಅಂಗಳದ ಮಧ್ಯೆ ನಿಲ್ಸಿದ್ರು. ನಾನೇ ಗಟ್ಟಿಯಾಗಿ ಹೇಳ್ದೆ. "ಫಾಗ್ ಲೈಟ್ ಹಾಕುವಾಗ ಅರ್ತ್ ತಪ್ಪಾಗಿ ಕೊಟ್ಟೆ. ಬೇಕಂತ ಮಾಡಿದ್ದಲ್ಲ." ಅಣ್ಣ ಒಂದೇ ಒಂದು ಬಿಟ್ಟ. ಕೆನ್ನೆಗೆ. ನಾಟಕಕ್ಕೆ ಅಷ್ಟು ಜೋರು ಬೇಕಿರ್ಲಿಲ್ಲ ಅಂತ ನನ್ನ ಅನಿಸಿಕೆ. ಬೀರು ಆಕಾಶ ನೋಡ್ತಿದ್ದ.

ಗೋಡೌನ್ ಬಾಗಿಲು ತೆಗೆದ್ರು. ಭಾಮೈದ ಸಿಮೆಂಟ್ ಕೊಡವ್ಕೊಂಡು ಬಂದ. ಎರಡೂ ಕೈ ಇತ್ತು. ನನ್ನ ನೋಡಿ ತಲೆ ಅಲ್ಲಾಡಿಸ್ದ.

"ಏನ್ ಭಾವ... ನೋಡ್ಕೊಂಡು ಮಾಡ್ಬಾರ್ದಾ? ನನ್ನ ಪ್ರಾಣ ಹೋಗ್ತಿತ್ತು."

ತಾನೇ ಹೇಳಿದ ಸುಳ್ಳನ್ನ ತಾನೇ ನಂಬಿಬಿಟ್ಟಿದ್ದ!

ಹಾರ್ನಿನ ಅರ್ತ್ ಬೇರೆ ಕಡೆ ಬಿಗಿದು, ಪಟಾಕಿ ವಾಪಸ್ ಕೂರಿಸಿ, ಅವನನ್ನ ಕರ್ಕೊಂಡು ಮನೆಗೆ ಹೋದೆ. ಹೆಂಡ್ತಿ ಬಾಗಿಲು ತೆಗೆದ್ಲು. ತಮ್ಮಂಗೆ ಮಣೆ, ತಟ್ಟೆ, ನೀರು, ಅನ್ನ. ಅವನು ತಿನ್ನುತ್ತಾ ಎಲ್ಲಾ ವರದಿ ಒಪ್ಪಿಸ್ದ. ಆಮೇಲೆ ಅವಳು ನನ್ನ ಕಡೆ ತಿರುಗಿದ್ಲು.

"ವೈರ್ ತಪ್ಪಿಸಿದ್ದು ನೀವಂತೆ?"

ಕ್ವಾರಿ ಲಾರಿಗಳು ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಸುದ್ದಿ ಹೋಯ್ತು. ಅರ್ತ್ ತಪ್ಪಿಸಿ ಯಜಮಾನನ್ನ ಹೊಳೆಗೆ ಹಾಕೋಕೆ ಹೋದ ಎಲೆಕ್ಟ್ರಿಷಿಯನ್. ಇಂಡಿಕೇಟರ್ ಬಲ್ಬ್ ಬದಲಾಯಿಸೋಕೂ ನನ್ನ ಹತ್ರ ಜನ ಬರಲ್ಲ ಈಗ. ಅಣ್ಣನ ಬಾನೆಟ್ ಮಾತ್ರ ಆಮೇಲೆ ಎದ್ದಿಲ್ಲ.

ನಿಜ ಗೊತ್ತಿರೋದು ಅಣ್ಣಂಗೆ, ಬೀರುಗೆ, ನನಗೆ. ಮತ್ತೆ ಈಗ ನಿಮಗೆ.

ಹಂಗ್ಯಾಕೆ ನೋಡ್ತೀರಾ ಸ್ವಾಮಿ? ಕತೆ ಹೇಳು ಅಂದೋರು ನೀವೇ ತಾನೇ. ನಾಳೆ ಅಣ್ಣ ಬಂದು, ಇದನ್ನ ಯಾರ ಹತ್ರ ಬಾಯಿಬಿಟ್ಟೆ ಅಂತ ಕೇಳಿದ್ರೆ ನನಗೆ ಸುಳ್ಳು ಹೇಳೋಕೆ ಬರಲ್ಲ. ಹೊಸಬರ ಹೆಸರಾದ್ರೆ ಹೇಳ್ಬಿಡ್ತೀನಿ. ಗಿರಾಕಿಗಳ ಹೆಸರು ಮಾತ್ರ ಪ್ರಾಣ ಹೋದ್ರೂ ಬಿಟ್ಕೊಡಲ್ಲ.

ನಿಮ್ಮ ಗಾಡೀಲಿ ಏನಾದ್ರೂ ವೈರಿಂಗ್ ಕೆಲ್ಸ ಇರ್ಲೇಬೇಕು. ಕೀ ಈ ಕಡೆ ಕೊಡಿ.