ರೇಣವ್ವ ಕಂಡ ಬ್ಯಾಟರಿ

"ಬಾಯಾರ, ನನ್ನ ಮಗನ್ನ ಜೇಲಿಗೆ ಹಾಕಿದ್ದು ಪೊಲೀಸರಲ್ಲರಿ, ನಾನು. ನಾ ಆಡಿದ ಮಾತು. ಅವನ್ನ ಹೆಂಗರ ಮಾಡಿ ಬಿಡಿಸಿ ಕೊಡ್ರಿ."

ಟಿಳಕವಾಡಿಯ ಶುಭದಾಬಾಯಿ ಇನಾಮದಾರರ ಹಿಂದಿನ ಪಡಸಾಲೆಯ ಬಾಗಿಲಲ್ಲಿ ನಿಂತು ಆ ಮುದುಕಿ ಹೀಗೆಂದಾಗ, ದುಂಡಪ್ಪ ಕೈಯಲ್ಲಿ ಊದಿನಕಡ್ಡಿ ಹಿಡಿದುಕೊಂಡು ಬೈಸಿಕೊಳ್ಳುತ್ತಿದ್ದ. ಬಾಯಿಯವರ ಹಳೆಯ ಕಾರಿನ ಬ್ಯಾಟರಿ ಸತ್ತುಹೋಗಿತ್ತು. ಅದನ್ನು ಕಳಚಿ ತಂದು ಮಣೆಯ ಮೇಲಿಟ್ಟು, ಮುಚ್ಚಳ ಬಿಚ್ಚಿ, ಕಡಿಮೆಯಾದಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಕೆಂಪು ಕ್ಲಿಪ್ಪು ಕೆಂಪಿಗೆ, ಕರಿದು ಕರಿದಕ್ಕೆ ಕಚ್ಚಿಸಿ ಇಬ್ಬರೂ ಸೇರಿ ಚಾರ್ಜಿಗೆ ಹಚ್ಚಿದ್ದರು. ದುಂಡಪ್ಪನಿಗೋ, ಊದಿನಕಡ್ಡಿ ಬೆಳಗದೆ ಯಾವ ಯಂತ್ರವನ್ನೂ ಮುಟ್ಟಿ ಗೊತ್ತಿಲ್ಲ.

"ತಲಿ ಎಲ್ಲೆ ಅದ ನಿಂದು?" ಎಂದು ಬಾಯಿ ಗದರಿದ್ದರು. "ಚಾರ್ಜ್ ಆಗೂಮುಂದ ಇದರೊಳಗಿಂದ ಗ್ಯಾಸ್ ಬರ್ತದ. ಕಿಡಿ ತಾಗಿದ್ರ ಢಮ್ ಅಂತದ. ಕಿಡಕಿ ತಗಿ, ಕಡ್ಡಿ ಅಂಗಳದಾಗ ಚುಚ್ಚಿ ಬಾ. ಪೂರಾ ಸತ್ತದ್ದು ಜೀವ ಹಿಡೀಲಿಕ್ಕ ರಾತ್ರಿಯಿಡೀ ಬೇಕು. ಅಲ್ಲೀತನಕ ಈ ಕಡೆ ಬೆಂಕಿ ಸುಳೀಬಾರದು."

ಆಗ ಬಂದವಳು ಈ ರೇಣವ್ವ. ಶುಭದಾಬಾಯಿ ಬೆಳಗಾವಿ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು. ಕನ್ನಡದ ಸಾಕ್ಷಿಯನ್ನು ಮರಾಠಿಗೆ, ಮರಾಠಿಯದನ್ನು ಇಂಗ್ಲಿಷಿಗೆ ತಿರುಗಿಸುತ್ತಲೇ ಕೂದಲು ಬೆಳ್ಳಗಾದವು. ಅದೇ ಕೋರ್ಟಿನ ಹೊರಸಾಲಿನಲ್ಲಿ ಸಾಕ್ಷಿದಾರರ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡ ಶಿಪಾಯಿ ದುಂಡಪ್ಪ. ಇಬ್ಬರೂ ನಿವೃತ್ತರಾದ ಮೇಲೆ ಅವನು ಬಾಯಿಯವರ ಕಾರು ಓಡಿಸುತ್ತಾನೆ, ಅವರ ಜೊತೆ ಜಗಳಾಡುತ್ತಾನೆ. ಬಿಡಿಸಲಾಗದ ಗಂಟುಗಳನ್ನು ಜನ ಇವರ ಬಾಗಿಲಿಗೆ ತರುವುದು ಆಗಲೇ ರೂಢಿಯಾಗಿತ್ತು.

"ಕುಂದ್ರು ರೇಣವ್ವ. ನೀರು ಕುಡಿ ಮೊದಲ," ಎಂದರು ಬಾಯಿ.

ರೇಣವ್ವ ಕುಳಿತಳು. ನೀರು ಕುಡಿಯುತ್ತ ಅವಳ ಕಣ್ಣು ಮಣೆಯ ಕಡೆ ಹೋಯಿತು. "ಅದೇನ್ರಿ ಆ ಡಬ್ಬಿ? ಗುಳುಗುಳು ಅಂತೈತಿ."

"ಕಾರಿಗೆ ಹಾಕೂದು, ಬೇ," ಎಂದ ದುಂಡಪ್ಪ. "ನಿನ್ನ ಮಾತು ಹೇಳು ನೀ."

ಅವಳು ಹೇಳಿದಳು. ಖಾನಾಪುರ ಊರ ಹೊರಗೆ, ಕಣಕುಂಬಿ ಕಡೆ ಹೋಗುವ ರಸ್ತೆಯ ಬದಿಗೆ ಹೃಷೀಕೇಶ ಎಂಬುವವನ ಮನೆ; ರೇಣವ್ವನ ಬಾಯಲ್ಲಿ ಅವನು 'ಸಣ್ಣ ರಾಯರು'. ರೇಣವ್ವ ಅಲ್ಲಿ ಪ್ರಾಯದಿಂದಲೂ ಮನೆಗೆಲಸದವಳು. ಅವಳ ಮಗ ಯಲ್ಲೇಶ ಆ ಮನೆಯ ಪಿಕಪ್ ಓಡಿಸುವವನು. ಮನೆ ಮಾತ್ರ ಹೃಷೀಕೇಶನ ಹೆಸರಿನಲ್ಲಿರಲಿಲ್ಲ, ಅವನ ಕಾಕಾ ಮಾರ್ತಾಂಡರಾಯರ ಹೆಸರಿನಲ್ಲಿತ್ತು. ಮಾರ್ತಾಂಡರಾಯರು ಹೆಡ್‌ಮಾಸ್ತರಾಗಿದ್ದವರು, ಪೀರನವಾಡಿಯಲ್ಲಿ ಇದ್ದರು. ಖಾನಾಪುರದ ಮನೆಯನ್ನು ಹಳ್ಳಿಯಿಂದ ಓದಲು ಬರುವ ಹೆಣ್ಣುಮಕ್ಕಳ ವಸತಿಗೆ ಬಿಟ್ಟುಕೊಡುತ್ತೇನೆಂದು ಎಲ್ಲರೆದುರು ಹೇಳಿಯೂ ಆಗಿತ್ತು. ಹೋದ ವಾರ ಯಾರೋ ಅವರ ಮನೆಯಲ್ಲೇ ಅವರ ತಲೆಗೆ ಹೊಡೆದು ಕೊಂದರು.

ಆ ಸಂಜೆ ಯಲ್ಲೇಶ ಪಿಕಪ್ಪಿನಲ್ಲಿ ಅಕ್ಕಿ ಚೀಲ ತೆಗೆದುಕೊಂಡು ಪೀರನವಾಡಿಗೆ ಹೋಗಿದ್ದ. ಕಳಿಸಿದವನು ಹೃಷೀಕೇಶನೇ: "ನನ್ನ ಕಾರಿನ ಬ್ಯಾಟರಿ ಸತ್ತದ, ನೀನೇ ಹೋಗಿ ಕೊಟ್ಟು ಬಾ" ಎಂದಿದ್ದನಂತೆ. ಯಲ್ಲೇಶ ಹೊರಬರುವುದನ್ನು ಎದುರು ಮನೆಯವರು ಕಂಡಿದ್ದರು. ಆಮೇಲೆ ಯಾರನ್ನೂ ಕಂಡಿರಲಿಲ್ಲ. ಬೆಳಿಗ್ಗೆ ಹಾಲಿನವನು ಬಂದಾಗ ರಾಯರು ನೆಲದ ಮೇಲಿದ್ದರು.

"ಪೊಲೀಸರ ಮುಂದ ನೀ ಏನಂದಿ? ಅಂದಾಂಗ ಹೇಳು, ಒಂದಕ್ಷರ ಹೆಚ್ಚುಕಡಿಮಿ ಬ್ಯಾಡ," ಎಂದರು ಬಾಯಿ.

"ಸಂಜೀಕ ಸಣ್ಣ ರಾಯರು ಎಲ್ಲಿದ್ರು ಅಂತ ಕೇಳಿದ್ರಿ. 'ಶೆಡ್ಡಿನ್ಯಾಗ ಇದ್ರು, ಕೈಯಾಗ ಬ್ಯಾಟರಿ ಹಿಡಕೊಂಡು ಕಾರಿನ ಬಾಜೂಕ ನಿಂತಿದ್ರು, ನಾ ನೋಡಿ ಮನಿಗಿ ಹ್ವಾದ್ನಿ' ಅಂದೆ. ಅಷ್ಟ ರೀ. ಕಂಡದ್ದು ಹೇಳೇನಿ, ಸುಳ್ಳ ಹೇಳಿಲ್ಲ."

ದುಂಡಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬ್ಯಾಟರಿ ಕೈಯಲ್ಲಿತ್ತೆಂದರೆ ಕಾರಿನಲ್ಲಿರಲಿಲ್ಲ. ಬ್ಯಾಟರಿ ಇಲ್ಲದ ಕಾರು ಪೀರನವಾಡಿಗೆ ಹೋಗುವುದು ಹೇಗೆ? ಹೃಷೀಕೇಶನ ಗೆಳೆಯ ಅನಿಕೇತ ಮರುದಿನ ಬೆಳಗಾವಿಯಿಂದ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋದವನು, ಅವನೂ ಬ್ಯಾಟರಿ ಮಣೆಯ ಮೇಲೆ ಚಾರ್ಜಿಗೆ ಇದ್ದುದನ್ನು ಕಣ್ಣಾರೆ ಕಂಡೆನೆಂದಿದ್ದ. ಉಳಿದವನು ಯಲ್ಲೇಶನೊಬ್ಬನೇ.

"ದೊಡ್ಡ ರಾಯರ ಕಡೆನ ಅಕ್ಷರ ಕಲ್ತಾನ್ರಿ ನನ್ನ ಮಗ. ಅವರ ಮ್ಯಾಲ ಕೈ ಎತ್ತತಾನೇನ್ರಿ?" ಎಂದು ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೋರ್ಟಿನ್ಯಾಗೂ ಹಿಂಗ ಹೇಳಬೇಕಂತ. ಹೆತ್ತಾಕಿ ನಾ, ಈ ಬಾಯಿಲೆ ಹೆಂಗ ಹೇಳ್ಲಿ?"

"ನಾಳೆ ಖಾನಾಪುರಕ್ಕ ಹೋಗೂಣು," ಎಂದರು ಬಾಯಿ.

ಜೀವ ಹಿಡಿದ ಬ್ಯಾಟರಿಯನ್ನು ಬೆಳಿಗ್ಗೆ ಮತ್ತೆ ಕೂಡಿಸಿ ಹೊರಟರು. ದಾರಿಯುದ್ದಕ್ಕೂ ದುಂಡಪ್ಪ ಒಂದೇ ರಾಗ ತೆಗೆದಿದ್ದ: ಇದರಲ್ಲಿ ಹುರುಳಿಲ್ಲ, ಮುದುಕಿಗೆ ಸುಮ್ಮನೆ ಆಸೆ ಹಚ್ಚಬಾರದು. ಬಾಯಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರ ಈ ಗುಣಕ್ಕೆ ದುಂಡಪ್ಪನ ತಲೆ ಕಾಯುತ್ತದೆ.

ಹೃಷೀಕೇಶ ಸಂಭಾವಿತನಂತೆ ಬರಮಾಡಿಕೊಂಡ. "ಯಲ್ಲೇಶ ಹಿಂಗ ಮಾಡ್ಯಾನಂದ್ರ ನನಗೂ ನಂಬಲಿಕ್ಕ ಆಗವಲ್ತು. ಬರ್ರಿ, ಎಲ್ಲಾ ನೋಡ್ರಿ," ಎಂದು ಶೆಡ್ಡಿನ ಬಾಗಿಲು ತೆರೆದುಕೊಟ್ಟ. ಅಷ್ಟರಲ್ಲಿ ಫೋನು ಬಂದು ಅಂಗಳಕ್ಕೆ ಹೋದ.

ತಗಡಿನ ಶೆಡ್ಡು, ಕಿಟಕಿ ಒಂದೂ ಇಲ್ಲ. ಹಾಡುಹಗಲಲ್ಲೂ ಒಳಗೆ ಕತ್ತಲು. ಗುಂಡಿ ಒತ್ತಿದರೆ ಬಲ್ಬು ಹತ್ತಲಿಲ್ಲ. ಗೋಡೆಗೆ ಚಾರ್ಜರು ತೂಗುಹಾಕಿತ್ತು, ಕೆಳಗೆ ಹಲಗೆಯ ಮಣೆ.

"ಏನೂ ಕಾಣವಲ್ದು ಬಾಯಾರ," ಎಂದ ದುಂಡಪ್ಪ. "ತಡೀರಿ, ನಮ್ಮ ಗಾಡ್ಯಾಗಿನ ಬ್ಯಾಟರಿ ತರ್ತೇನಿ."

"ಏನ ತರ್ತಿ?"

"ಬ್ಯಾಟರಿ ರೀ."

"ಈಗ ಕೂಡಿಸಿ ಬಂದದ್ದನ್ನ ಮತ್ತ ಕಳಚತೀ ಏನು?"

"ಅದನ್ಯಾಕ ಕಳಚಲಿ? ತಲಿ ಕೆಟ್ಟೈತೇನ್ರಿ? ಬ್ಯಾಟರಿ... ಬೆಳಕ ಬಿಡೂ ಬ್ಯಾಟರಿ..."

ಮಾತು ಅರ್ಧಕ್ಕೇ ನಿಂತಿತು. ಹುಟ್ಟಿದಾಗಿನಿಂದ ಟಾರ್ಚಿಗೆ ಬ್ಯಾಟರಿ ಅಂತಲೇ ಅನ್ನುತ್ತ ಬಂದವನು ದುಂಡಪ್ಪ. ಆದರೂ ಕಾರು, ಚಾರ್ಜರು, ಮಣೆ ಎಂಬ ಮಾತು ಕಿವಿಯಲ್ಲಿ ತುಂಬಿದ್ದರಿಂದ, ರೇಣವ್ವನ ಬಾಯಿಂದ ಅದೇ ಶಬ್ದ ಬಂದಾಗ ಅವನಿಗೂ ಟಾರ್ಚು ನೆನಪಾಗಿರಲಿಲ್ಲ.

"ಹೋಗು, ತಗೊಂಡ ಬಾ," ಎಂದರು ಬಾಯಿ.

ಆ ಬೆಳಕಿನಲ್ಲಿ ಬಾಯಿ ಬಗ್ಗಿ ಮಣೆಯನ್ನು ನೋಡಿದರು. ಒಂದು ಮೂಲೆಯಲ್ಲಿ ಮೇಣಬತ್ತಿ ಕರಗಿ ಹರಿದಿತ್ತು. ಹರಿದ ಮೇಣ ಒಂದು ಕಡೆ ಮಾತ್ರ ಗೆರೆ ಕೊರೆದಂತೆ ನೆಟ್ಟಗೆ ನಿಂತಿತ್ತು, ಚೌಕಾದ ಭಾರದ ಸಾಮಾನೊಂದು ಅಲ್ಲಿ ಇತ್ತೆಂಬ ಹಾಗೆ. ಬಾಯಿ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ವಾಪಸು ಬರುವಾಗ ಖಾನಾಪುರದ ವಿದ್ಯುತ್ ಕಚೇರಿಗೆ ಹೋಗಿ ಆ ಸಂಜೆಯ ವಿಷಯ ವಿಚಾರಿಸಿದರು. ಆಮೇಲೆ ಈ ಕೊಲೆಯ ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ಮಯೂರರಿಗೆ ಫೋನು ಮಾಡಿ, "ಪೀರನವಾಡಿ ರಸ್ತೇದಾಗ ಕ್ಯಾಮೆರಾ ಇದ್ರ ಇನ್ನೊಮ್ಮೆ ನೋಡ್ರಿ, ಈ ಸಲ ಪಿಕಪ್ ಬಿಟ್ಟು," ಎಂದರು.

ಎರಡು ದಿನ ಬಿಟ್ಟು ಎಲ್ಲರೂ ಹೃಷೀಕೇಶನ ಪಡಸಾಲೆಯಲ್ಲಿ ಕೂಡಿದರು. ಮಯೂರ ಕರಾವಳಿ ಕಡೆಯವರು, ಹುಡುಗುಮುಖದ ನಿಯತ್ತಿನ ಮನುಷ್ಯ. ಅನಿಕೇತನನ್ನೂ ಕರೆಸಿದ್ದರು. ರೇಣವ್ವ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದಳು.

"ರೇಣವ್ವ," ಎಂದು ಬಾಯಿ ಶುರುಮಾಡಿದರು, "ಸಣ್ಣ ರಾಯರ ಕೈಯಾಗ ನೀ ನೋಡಿದ ಬ್ಯಾಟರಿ ಎಷ್ಟ ದೊಡ್ಡದಿತ್ತು?"

ರೇಣವ್ವ ಗೇಣು ತೋರಿಸಿದಳು. "ಇಷ್ಟರಿ. ಒತ್ತಿದ್ರ ಬೆಳಕ ಬೀಳತೈತಲ್ರಿ, ಅದು."

ಮಯೂರ ಅವಳ ಕಡೆ ಬಗ್ಗಿದರು. "ಟಾರ್ಚಾ? ನೀವು ಬ್ಯಾಟರಿ ಅಂದ್ರಿ. ನಾನು ಕಾರಿನ ಬ್ಯಾಟರಿ ಅಂತ ಬರೆಸಿದೆ."

"ತಪ್ಪು ನಿಮ್ಮೊಬ್ಬರದಲ್ಲ," ಎಂದರು ಬಾಯಿ. "ಹೃಷೀಕೇಶ ಮೊದಲ ನಿಮ್ಮ ಕಿವ್ಯಾಗ ಕಾರಿನ ಮಾತು ಹಾಕಿದ್ದ. ನಾನೂ ಎಡವಿದ್ದೆ. ನನ್ನ ಮನ್ಯಾಗ ಅದೇ ಸಾಮಾನ ಚಾರ್ಜ್ ಆಗ್ಲಿಕ್ಕೆ ಹತ್ತಿತ್ತು, 'ಅದೇನು ಡಬ್ಬಿ' ಅಂತ ಈಕಿ ಕೇಳಿದ್ಲು. ಅಂಥಾದ್ದನ್ನ ಹಿಡಕೊಂಡು ನಿಂತವರನ್ನ ನೋಡಿದಾಕಿ ಹಂಗ ಕೇಳ್ತಾಳೇನು? ಆವಾಗನ ಹೊಳೀಬೇಕಾಗಿತ್ತು ನನಗ."

"ಟಾರ್ಚ್ ಇರಬಹುದ್ರಿ," ಎಂದ ಹೃಷೀಕೇಶ ಸಮಾಧಾನದಿಂದಲೇ. "ಈಕಿ ಹೋದ ಮ್ಯಾಲ ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಚ್ಚಿದೆ. ಅದರಾಗೇನ ಬಂತು?"

"ಸಂಜೀಮುಂದ ಟಾರ್ಚ್ ಯಾಕ ಬೇಕಾತು?"

ಅವನು ಬಾಯಿ ತೆರೆಯುವುದರೊಳಗೆ ರೇಣವ್ವ ಹೇಳಿದಳು: "ಲೈಟ್ ಹೋಗಿದ್ವಲ್ರಿ. ಅಡ್ಡಮಳಿ ಗಾಳಿ ಬಿಟ್ಟಿತ್ತು."

"ಗಿಡಾ ಬಿದ್ದು ತಂತಿ ಹರಿದಿತ್ತು," ಎಂದರು ಬಾಯಿ. "ಈ ರಸ್ತೆಗೆ ಕರೆಂಟ್ ಬಂದದ್ದು ಮರುದಿನ ಬೆಳಿಗ್ಗೆ, ಅನಿಕೇತ ಬಸ್ ಇಳಿಯೂ ಹೊತ್ತಿಗೆ. ಅವಂಗ ಇದೆಲ್ಲಾ ಗೊತ್ತಿರಲಿಲ್ಲ, ಇನ್‌ಸ್ಪೆಕ್ಟರ್ ಸಾಹೇಬ್ರಿಗೂ ಇಲ್ಲ. ಅನಿಕೇತ, ಆವತ್ತ ನೀ ಬಂದು ಚಹಾ ಕುಡಿದ ಮ್ಯಾಲ ಬ್ಯಾಟರಿ ಕೂಡಿಸಿದ್ರಲ್ಲ, ಕಾರು ಹೆಂಗ ಚಾಲೂ ಆತು?"

"ಒಂದೇ ಸೆಲ್ಫಿಗೆ, ಚಾವಿ ತಿರುವಿದ ಕೂಡ್ಲೇ ಆತ್ರಿ," ಎಂದ ಅನಿಕೇತ. "ರಾತ್ರಿಯಿಡೀ ಚಾರ್ಜ್ ಆಗೇದ ಅಂತ ಇವನ ಹೇಳಿದ." ಹೇಳಿ ಗೆಳೆಯನ ಕಡೆ ತಿರುಗಿದವನು, ಮತ್ತೆ ಅವನನ್ನು ನೋಡಲಿಲ್ಲ.

"ಕರೆಂಟ್ ಇಲ್ಲದ ಚಾರ್ಜರಿಲೆ ರಾತ್ರಿಯಿಡೀ ಏನ ಚಾರ್ಜ್ ಆದೀತು? ಪೂರಾ ಸತ್ತ ಬ್ಯಾಟರಿ ಚಹಾ ಕುದಿಯೂದ್ರಾಗ ಏಳಂಗಿಲ್ಲ. ಮತ್ತ ಅದು ಒಂದೇ ಸೆಲ್ಫಿಗೆ ಗಾಡಿ ಎತ್ತಿತು ಅಂದ್ರ ಅದು ಸತ್ತೇ ಇರಲಿಲ್ಲ. ಗಾಡಿ ಸತ್ತದ ಅಂತ ಸಾರಿ, ಯಲ್ಲೇಶನ್ನ ಮುಂದ ಕಳಿಸಿ, ರೇಣವ್ವ ಮನಿಗೆ ಹೋಗೂತನಕ ಕಾದು, ಆಮ್ಯಾಲ ಇಂವ ಹೊರಟ. ತಿರುಗಿ ಬಂದಾಗೂ ಕತ್ತಲಿತ್ತು. ನಟ್ಟು ಬಿಚ್ಚಲಿಕ್ಕ ಎರಡೂ ಕೈ ಬೇಕು, ಟಾರ್ಚ್ ಹಿಡಿಯೋರ್ಯಾರು? ಮೇಣಬತ್ತಿ ಹಚ್ಚಿದ. ಬಿಚ್ಚಿದ ಬ್ಯಾಟರಿ ಮಣಿ ಮ್ಯಾಲ ಅದರ ಬಾಜೂಕ ಇಟ್ಟ. ಕರಗಿದ ಮೇಣ ಹರದು ಬಂದು ಬ್ಯಾಟರಿಗೆ ತಾಗಿ ನಿಂತದ, ಇಲ್ನೋಡ್ರಿ ಫೋಟೋ. ಚಾರ್ಜ್ ಆಗೂ ಬ್ಯಾಟರಿ ಬಾಜೂಕ ಬೆಂಕಿ ಇಡಬಾರದು, ಇದು ಇವಂಗ ಚಲೋತ್ನಾಗಿ ಗೊತ್ತು. ಆದ್ರೂ ಇಟ್ಟ. ಯಾಕಂದ್ರ ಅದು ಚಾರ್ಜ್ ಆಗ್ತಿರಲಿಲ್ಲ."

"ಲೈಟ್ ಹೋದಾಗ ಇಟ್ಟಿರಬೇಕು..." ಎಂದ ಹೃಷೀಕೇಶ, ಅಂದ ಮೇಲೆ ತಾನೇ ತಡೆದುಕೊಂಡ.

ಮಯೂರ ಎದ್ದು ನಿಂತರು. "ಪೀರನವಾಡಿಯ ಪೆಟ್ರೋಲ್ ಪಂಪಿನ ಕ್ಯಾಮೆರಾದಲ್ಲಿ ನಿಮ್ಮ ಕಾರು ಇದೆ. ಪಿಕಪ್ ವಾಪಸು ಹೋದ ನಂತರ ಬಂದಿದೆ. ಕಾರು ಕೆಟ್ಟು ನಿಂತಿದೆ ಅಂತ ನಂಬಿ ನಾವು ಅದನ್ನು ಹುಡುಕಿಯೇ ಇರಲಿಲ್ಲ."

ಹೃಷೀಕೇಶ ಕುರ್ಚಿಯಲ್ಲಿ ಕುಸಿದ. "ನಾ ಹುಟ್ಟಿದ ಮನಿ ಇದು," ಎಂದ ಸಣ್ಣ ದನಿಯಲ್ಲಿ. "ಕಾಕಾ ಯಾರ್ಯಾರಿಗೋ ಕೊಡ್ತೇನಿ ಅಂದ. ಕಾಲು ಹಿಡಿದರೂ ಕೇಳಲಿಲ್ಲ."

ರೇಣವ್ವ ಕಂಬ ಹಿಡಿದು ಮೆಲ್ಲಗೆ ಎದ್ದಳು. ಅವಳು ಚೀರುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದ ದುಂಡಪ್ಪ. ಅವಳು ಎರಡನ್ನೂ ಮಾಡಲಿಲ್ಲ.

"ಸಣ್ಣ ರಾಯರ, ನಾ ಪೊಲೀಸರ ಮುಂದ ಹೇಳೂಮುಂದ ನೀವು ಬಾಜೂಕ ನಿಂತಿದ್ರಿ. ಬ್ಯಾಟರಿ ಅಂದ್ರ ನಾ ಏನಂತೇನಿ ಅನ್ನೂದು ನಿಮಗ ಗೊತ್ತಿತ್ತಲ್ರಿ? ಸಣ್ಣಾವರಿದ್ದಾಗ ಕತ್ತಲಿಗೆ ಅಂಜಿ, 'ರೇಣವ್ವ ಬ್ಯಾಟರಿ ಹಚ್ಚ, ರೇಣವ್ವ ಬ್ಯಾಟರಿ ಹಚ್ಚ' ಅಂತ ನನ್ನ ಸೀರಿ ಹಿಡಕೊಂಡು ಅಳತಿದ್ರಿ."

ಹೃಷೀಕೇಶ ತಲೆ ಎತ್ತಲಿಲ್ಲ. "ಗೊತ್ತಿತ್ತು," ಎಂದ.

ಕೋರ್ಟಿನ ಬಾಗಿಲಲ್ಲಿ ನಿಂತು ದುಂಡಪ್ಪ ಎಂಥೆಂಥ ಕೊಲೆಗಡುಕರನ್ನೋ ಕಂಡಿದ್ದ. ಇಂಥದ್ದನ್ನು ಕಂಡದ್ದು ಇದೇ ಮೊದಲು. ಕೊಂದದ್ದು ಒಂದು ಪಾಪ. ತಾಯಿಯ ಬಾಯಿಯಿಂದಲೇ ಮಗನ ಕೊರಳಿಗೆ ಹಗ್ಗ ಬೀಳುವಾಗ, ಒಂದು ಶಬ್ದದ ಅರ್ಥ ಹೇಳದೆ ನಿಂತು ನೋಡಿದ್ದಕ್ಕೆ ಏನನ್ನಬೇಕೋ ಅವನಿಗೆ ತಿಳಿಯಲಿಲ್ಲ. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲೂ ಇಲ್ಲ. ಶುಭದಾಬಾಯಿ ಮುಖ ಆ ಕಡೆ ತಿರುಗಿಸಿದ್ದರು.

ಹೃಷೀಕೇಶನನ್ನು ಜೀಪಿಗೆ ಹತ್ತಿಸಿದ ಮೇಲೆ ಮಯೂರ ರೇಣವ್ವನ ಹತ್ತಿರ ಬಂದು ಕೈ ಜೋಡಿಸಿದರು. "ತಪ್ಪಾಯ್ತು ಅಮ್ಮ. ನಾಳೆ ನಾನೇ ಕೋರ್ಟಿನಲ್ಲಿ ನಿಂತು ಹೇಳ್ತೇನೆ. ನಿಮ್ಮ ಮಗ ಮನೆಗೆ ಬರ್ತಾನೆ. ನಿಮ್ಮ ಹೇಳಿಕೆ ಮಾತ್ರ ಇನ್ನೊಮ್ಮೆ ಬರೆಸಿಕೊಳ್ಳಬೇಕು."

ರೇಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈಗ ಬರೀರಿ," ಎಂದಳು. "ಬಾಯಾರು ಓದಿ ಹೇಳ್ಲಿ. ನೀವು ಏನ ಬರೀತೀರಿ ಅನ್ನೂದನ್ನ ಈ ಸಲ ನಾ ಬಾಜೂಕ ಕುಂತು ಕೇಳ್ತೇನಿ."